ಪಾಂಪೆಯ ತೊಟ್ಟಿಮನೆಯಲ್ಲಿ ಬಿಟ್ಟುಬಂದ ಬೂಟು

೧೯೪೫ನೇ ಇಸವಿ ಜೂನ್ ೨೧, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಇಟಲಿ ದೇಶದ ನೇಪಲ್ಸ್ ಸ್ಟೇಷನ್ನಿನಿಂದ ನಮ್ಮ ರೈಲು ಹೊರಟಿದ್ದು ಆಗ. ಹನೂರಿನ ಶಾಲೆಯಲ್ಲಿ ಮೇಷ್ಟ್ರು ದಿನಚರಿ ಬರೆಯುವುದನ್ನು ಕಲಿಸಿದ ಮೇಲೆ ನಾನು ಅದನ್ನು ಬಿಟ್ಟ ದಿನವಿಲ್ಲ, ಆದ್ದರಿಂದ ಈ ಹೊತ್ತಿನಲ್ಲಿ ತಪ್ಪಿರಲಾರದು.

ಐದು ವರ್ಷದ ಮೇಲೆ ಈಗ ಇದನ್ನು ಬರೆಯಲು ಕಾರಣ ಒಬ್ಬ ಬಸ್ ಡ್ರೈವರು. ರಾಮಾಪುರದವನು, ನನಗಿಂತ ಮೂರು ವರ್ಷ ದೊಡ್ಡವನು. ಯುದ್ಧದಲ್ಲಿ ಅವನು ನಮ್ಮ ಕಂಪನಿಯ ಲಾರಿ ಓಡಿಸುತ್ತಿದ್ದ, ನಾನು ಅಲ್ಲೇ ಗುಮಾಸ್ತನಾಗಿದ್ದೆ. ಈಗ ಅವನು ಕೊಳ್ಳೇಗಾಲದಿಂದ ರಾಮಾಪುರಕ್ಕೆ ಬಸ್ಸು ಬಿಡುತ್ತಾನೆ. ಹನೂರಿನಲ್ಲಿ ಬಸ್ಸು ನಿಂತಾಗ ನಾನು ಕಣ್ಣಿಗೆ ಬಿದ್ದರೆ ಸಾಕು, ಸ್ಟೀರಿಂಗ್ ಬಿಡದೆ ಕತ್ತು ಹೊರಗೆ ಹಾಕಿ, "ಏನ್ ರೈಟ್ರೇ, ಎಸ್ರು ಗೊತ್ತಾಯ್ತಾ?" ಎನ್ನುತ್ತಾನೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. "ಅದೇನ್ ಓದ್ಬುಟ್ಟಿದ್ದೀಯೋ" ಎಂದು ಗೇರು ಹಾಕುತ್ತಾನೆ. ಬಸ್ಸಿನೊಳಗಿನವರು ಅವನು ಯಾವುದೋ ಹೆಣ್ಣಿನ ಹೆಸರು ಕೇಳುತ್ತಿದ್ದಾನೆ ಎಂದುಕೊಂಡು ನಗುತ್ತಾರೆ. ಅವನು ಕೇಳುವುದು ಒಬ್ಬ ದೇವರ ಹೆಸರು.

ಆ ಜೂನ್ ತಿಂಗಳಲ್ಲಿ ಯುದ್ಧ ಮುಗಿದು ನಾವು ನೇಪಲ್ಸಿನ ಬಳಿಯ ಕ್ಯಾಂಪಿನಲ್ಲಿ ಊರಿನ ಹಡಗಿಗೆ ಕಾಯುತ್ತಿದ್ದೆವು. ಇಪ್ಪತ್ತೆರಡನೇ ತಾರೀಖು ಕಿಟ್ ತಪಾಸಣೆ, ಅದರ ಮಾರನೇ ದಿನ ಹಡಗು. ಸುಬೇದಾರರು ಪರೇಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದರು: ಕಿಟ್ಟಿನಲ್ಲಿ ಒಂದು ಸಾಮಾನು ಕಡಿಮೆಯಿದ್ದರೂ ಆ ಮನುಷ್ಯ ಇಲ್ಲೇ ಉಳಿಯುತ್ತಾನೆ, ವಿಚಾರಣೆ ಮುಗಿದ ಮೇಲೆ ಮುಂದಿನ ಹಡಗು, ಅದು ಯಾವಾಗಲೋ ತಿಳಿಯದು.

ನಮ್ಮೆಲ್ಲರಿಗೂ ಊರಿಗೆ ಹೋಗುವ ಆಸೆಯಿತ್ತು. ಡ್ರೈವರಿಗೆ ಮಾತ್ರ ಹೋಗಲೇಬೇಕಿತ್ತು. ಅವನ ತಂದೆ ತೀರಿಕೊಂಡಿದ್ದರು. ಒಬ್ಬಳೇ ತಂಗಿಯನ್ನು ಯಳಂದೂರಿಗೆ ಕೊಡುವುದೆಂದು ಮಾತಾಗಿತ್ತು. ಧಾರೆ ಎರೆಯಬೇಕಾದವನು ಇವನು. ಇವನು ಬರಲಿ ಎಂದು ಎರಡು ಸಲ ಮದುವೆ ಮುಂದಕ್ಕೆ ಹೋಗಿತ್ತು. ಶ್ರಾವಣ ದಾಟಿದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಯಳಂದೂರಿನವರು ಹೇಳಿ ಕಳಿಸಿದ್ದರು. ಅವರನ್ನೂ ತಪ್ಪೆನ್ನುವಂತಿಲ್ಲ.

ಹಡಗಿಗೆ ಎರಡು ದಿನವಿದೆ, ಸುಮ್ಮನೆ ಕೂರುವುದೇಕೆ ಎಂದು ಕ್ಯಾಂಪಿನವರು ಪಾಂಪೆಗೆ ಒಂದು ದಿನದ ಪ್ರಯಾಣ ಏರ್ಪಾಡು ಮಾಡಿದರು. ಹೋಗಿಬರಲು ರೈಲು, ಅಲ್ಲಿ ತೋರಿಸಲು ಒಬ್ಬ ಗೈಡು. ನಾವು ಹದಿನೆಂಟು ಜನ. ನಮ್ಮ ಕಡೆಯವರೆಂದರೆ ನಾನು, ಡ್ರೈವರು, ಮತ್ತೆ ಗಡಿಯಾಚೆ ಸತ್ಯಮಂಗಲದ ಕಡೆಯ ಅಡುಗೆಯವನು. ಅವನ ಮನೆಮಾತು ತಮಿಳು, ಜಗಳದ ಮಾತು ಕನ್ನಡ.

ರೈಲು ಹೊಗೆಯಿಲ್ಲದೆ ಕರೆಂಟಿನಲ್ಲಿ ಓಡುತ್ತಿತ್ತು. ಎಡಗಡೆಗೆ ವೆಸೂವಿಯಸ್ ಬೆಟ್ಟ. ಹಿಂದಿನ ವರ್ಷವೂ ಅದು ಬೆಂಕಿ ಉಗುಳಿತ್ತಂತೆ. ಈಗ ಹೊಟ್ಟೆ ತುಂಬಿದ ದನದ ಹಾಗೆ ಮಲಗಿತ್ತು.

"ಇದು ಇನ್ನೊಂದ್ ಸಲ ಎದ್ರೆ?" ಎಂದ ಡ್ರೈವರು.

"ನಿನ್ ತಂಗಚ್ಚಿ ಕಲ್ಯಾಣ ಮುಗಿಯೋ ವರ್ಗೂ ಏಳಲ್ಲಪ್ಪಾ, ನಾನು ಸೊಲ್ಲಿಬಿಟ್ಟಿದ್ದೀನಿ" ಎಂದ ಅಡುಗೆಯವನು.

ಸ್ಟೇಷನ್ನಿನ ಎದುರಿಗೇ ಹಾಳೂರು. ಗೈಡು ಬಿಳಿ ಮೀಸೆಯ ಮುದುಕ. ಬಿಸಿಲಿಗೂ ಬಿಚ್ಚದ ಕಪ್ಪು ಛತ್ರಿಯನ್ನು ನಿಶಾನೆಯ ಹಾಗೆ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮವರಿಬ್ಬರಿಗೆ ಕನ್ನಡದಲ್ಲಿ ಹೇಳಬೇಕು. ಹದಿನೆಂಟು ನೂರು ವರ್ಷಕ್ಕೂ ಹಿಂದೆ ರೋಮನರ ಕಾಲದಲ್ಲಿ ಬೆಟ್ಟ ಸಿಡಿದು, ಬೂದಿ ಬಿದ್ದು, ಊರಿಗೆ ಊರೇ ಮುಚ್ಚಿಹೋಯಿತು. ಈಗ ಅಗೆದು ತೆಗೆದಿದ್ದಾರೆ. ಚಾವಣಿ ಮಾತ್ರ ಇಲ್ಲ. ಬೀದಿ, ಗೋಡೆ, ಹೊಸ್ತಿಲು ಎಲ್ಲ ಇದ್ದ ಹಾಗೇ ಇವೆ.

ಕಲ್ಲು ಹಾಸಿದ ಬೀದಿಯಲ್ಲಿ ಗಾಡಿ ಓಡಿ ಓಡಿ ಎರಡು ಆಳವಾದ ಜಾಡು ಬಿದ್ದಿದ್ದವು. ಡ್ರೈವರು ಅವುಗಳಲ್ಲಿ ಒಂದೊಂದು ಕಾಲಿಟ್ಟು ಅಗಲಿಸಿ ನಿಂತ. "ನಮ್ಮೂರ ರಸ್ತೇನೇ ಕಣ್ಲಾ ಇದು! ಕಲ್ಲಲ್ಲಿ ಇಂಗಾದ್ರೆ ನಮ್ಮ ಮಣ್ಣ್ ರಸ್ತೇನ ಬೈದು ಏನ್ ಬಂತು" ಎಂದ. ಅಡುಗೆಯವನಿಗೆ ಹಿಡಿಸಿದ್ದು ರೋಮನರ ಹೋಟೆಲು. ಬೀದಿಗೆ ತೆರೆದ ಕಲ್ಲಿನ ಕಟ್ಟೆ, ಅದರೊಳಗೆ ಹೂತಿಟ್ಟ ದೊಡ್ಡ ಮಡಕೆಗಳು. ಕಟ್ಟೆಯ ಹಿಂದೆ ಹೋಗಿ ನಿಂತು ಮಡಕೆಯೊಳಗೆ ಇಲ್ಲದ ಸೌಟು ಆಡಿಸಿ, "ಯಾರಪ್ಪಾ ಸಾಂಬಾರು, ಬಿಸಿ ಬಿಸಿ" ಎಂದು ಕೂಗಿದ. ಗೈಡು ಕೂಡ ನಕ್ಕ. ನಾನು ಅವತ್ತು ಬರೆದುಕೊಂಡಿದ್ದು: ಮನೆ ಹನ್ನೊಂದು, ಹೋಟೆಲು ಆರು, ಹಿಟ್ಟು ಬೀಸುವ ಕಲ್ಲು ನಾಲ್ಕು. ಯಾವ ಬೀದಿಯಲ್ಲಿ ಯಾವುದು ಎಂದು ಬರೆಯಲಿಲ್ಲ.

ಬಿಸಿಲು ಏರಿದ ಮೇಲೆ ಒಂದು ಮನೆಗೆ ಹೋದೆವು. ಅದರ ಹಲಗೆಯ ಬಾಗಿಲನ್ನು ಒಬ್ಬ ಕಾವಲುಗಾರ ಬೀಗ ತೆಗೆದು ತೆರೆದ. ಕುಳ್ಳಗಿನ ಮನುಷ್ಯ, ಅವನ ಕಾಲಲ್ಲಿ ಹಳೇ ಟೈರು ಕೊಯ್ದು ಹಗ್ಗ ಕಟ್ಟಿದ ಚಪ್ಪಲಿಯಿತ್ತು. ಬಾಗಿಲ ಪಕ್ಕ ನಮ್ಮ ಜಗುಲಿಯಂಥದೇ ಕಲ್ಲಿನ ಕಟ್ಟೆ. ಒಳಗೆ ಕಾಲಿಟ್ಟರೆ ಅದು ತೊಟ್ಟಿಮನೆ! ನಡುವೆ ಆಕಾಶಕ್ಕೆ ತೆರೆದ ಅಂಗಳ, ಮಳೆನೀರು ಬೀಳಲು ಕಲ್ಲಿನ ತೊಟ್ಟಿ, ಸುತ್ತ ಕೋಣೆಗಳು. ಮೂಲೆಯ ಗೋಡೆಯಲ್ಲಿ ದೇವರ ಗೂಡು. ಅದರ ಕೆಳಗೆ ಕೆಂಪು, ಹಳದಿ ಬಣ್ಣದಲ್ಲಿ ಎದುರುಬದುರಾಗಿ ಎರಡು ಹಾವು ಬರೆದಿದ್ದರು. ಒಂದಕ್ಕೆ ತಲೆಯ ಮೇಲೆ ಜುಟ್ಟಿತ್ತು. ನಾನು ಗೈಡಿನ ಪಕ್ಕದಲ್ಲಿ ನಿಂತು ಮಾತು ತಿರುಗಿಸುತ್ತಿದ್ದೆ. ತಿರುಗಿ ನೋಡಿದಾಗ ಡ್ರೈವರು ಎಲ್ಲರ ಹಿಂದೆ ಕೈಮುಗಿದು ನಿಂತಿದ್ದ. ಕಾವಲುಗಾರ ಅವನನ್ನೇ ನೋಡುತ್ತಿದ್ದ. ಡ್ರೈವರ ಕಾಲನ್ನು ನಾನು ನೋಡಲಿಲ್ಲ.

ಹಿಂದಿನ ತೋಟದ ಬಾಗಿಲಿನಿಂದ ಹೊರಬಿದ್ದು, ಒಂದು ಓಣಿ ದಾಟಿ, ಆಟದ ಬಯಲು, ಸ್ನಾನದ ಮನೆ ಎಲ್ಲ ನೋಡಿ, ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಆಗ ಅಡುಗೆಯವನು ಕೂಗಿದ:

"ಅಡೇ, ನಿನ್ ಬೂಟು ಎಲ್ಲಪ್ಪಾ?"

ಡ್ರೈವರ ಕಾಲಲ್ಲಿ ಬರೀ ಉಣ್ಣೆಯ ಕಾಲುಚೀಲ. ಅಡಿ ಹರಿದು ಹೆಬ್ಬೆರಳು ಹೊರಗೆ ಬಂದಿತ್ತು.

"ಆ ಮನೆ ವಸ್ಲತ್ರ ಬುಟ್ಟೆ" ಎಂದ ಅವನು ಮೆಲ್ಲಗೆ. "ನಾಗಪ್ಪ ಕಾಣುಸ್ತು. ಜೋಡು ಮೆಟ್ಕಂಡು ಎಂಗೆ ಓಗೋದು?"

"ಹಿಂದಿನ ಬಾಗಿಲಿಂದ ಬರುವಾಗಲೇ ಹೇಳಬಾರದಿತ್ತೇನಣ್ಣಾ?" ಎಂದೆ.

"ಈ ಛತ್ರಿಯಪ್ಪ ಸುತ್ತಾಕಂಡು ಬಂದಿದ್ ಬಾಗ್ಲಿಗೇ ಬತ್ತಾನೆ ಅಂದ್ಕಂಡೆ ಕಣ್ಲಾ. ದೇವರಮನೆ ಅಂದ್ಮೇಲೆ ಪ್ರದಕ್ಷಿಣೆ ಆಕಂಡು ಬರದಲ್ವಾ? ಇನ್ನೇನು ಬಂತು, ಇನ್ನೇನು ಬಂತು ಅಂತ ನಡೀತಾನೇ ಇದ್ದೆ."

ಕಾದ ಕಲ್ಲಿನ ಮೇಲೆ ಅವನು ಹಾಗೆ ಅರ್ಧ ಗಂಟೆ ನಡೆದಿದ್ದ.

ನಾನು ಗೈಡಿಗೆ ವಿಷಯ ಹೇಳಿದೆ. ಅವನ ಮುಖ ಸಪ್ಪಗಾಯಿತು. ಈಗ ನೇಪಲ್ಸಿನಲ್ಲಿ ಒಳ್ಳೆಯ ಮಿಲಿಟರಿ ಬೂಟಿಗೆ ಒಂದು ಸಂಸಾರದ ತಿಂಗಳ ಊಟ ಬರುತ್ತದೆ, ಹೊಸ್ತಿಲಲ್ಲಿ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಹೋಗಿರುತ್ತದೆ, ಎಂದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. ಡ್ರೈವರು ನನ್ನ ಮುಖ ನೋಡಿಯೇ ತಿಳಿದುಕೊಂಡ. ಕೈಯಲ್ಲಿದ್ದ ಚಪಾತಿಯನ್ನು ಸುತ್ತಿ ಚೀಲಕ್ಕೆ ಹಾಕಿದ.

"ನಾಳೆ ತಪಾಸಣೆ" ಎಂದ. "ನಮ್ಮವ್ವಂಗೆ ಏನಂತ ಯೋಳದು? ಬೂಟು ಓಯ್ತು, ಅದ್ಕೆ ನಿನ್ ಮಗಳ್ ಮದ್ವೆ ನಿಂತೋಯ್ತು ಅಂತ್ಲಾ?"

ವಾಪಸು ರೈಲು ಮೂರು ಗಂಟೆಗೆ. ಆಗ ಎರಡೂ ಕಾಲು. ಅಡುಗೆಯವನು ಎದ್ದ. "ನೀವು ಹುಡುಕಿ. ರೈಲು ನಾನು ನೋಡ್ಕೋತೀನಿ" ಎಂದು ಉಳಿದವರನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದ.

ಗೈಡು ಛತ್ರಿ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಓಡಿದ. ಬೆಳಗಿನಿಂದ ಹನ್ನೊಂದು ಮನೆ ನೋಡಿದ್ದೆವು. ಡ್ರೈವರು ಕೈಮುಗಿದದ್ದು ಯಾವುದರಲ್ಲಿ ಎಂಬುದನ್ನು ಗೈಡು ಗಮನಿಸಿರಲಿಲ್ಲ; ಹಾವಿನ ಗೂಡು, ಹಲಗೆಯ ಬಾಗಿಲು ಇಲ್ಲಿ ಎಷ್ಟೋ ಮನೆಗಳಿಗಿವೆ ಎಂದ. ನಮಗಂತೂ ಎಲ್ಲ ಒಂದೇ ಥರ ಕಾಣುತ್ತಿದ್ದವು. ಒಂದರಲ್ಲಿ ಜಗುಲಿ ಇದೆ, ಹಾವಿಲ್ಲ. ಇನ್ನೊಂದರಲ್ಲಿ ಹಾವಿದೆ, ಅದು ಒಂದೇ. ಅಲ್ಲಿಯೂ ಡ್ರೈವರು ಹೊಸ್ತಿಲ ಬಳಿ ನಿಂತುಬಿಟ್ಟ.

"ಒಳಗೆ ಬಾರಣ್ಣಾ, ಹೊತ್ತಿಲ್ಲ!"

"ತಡೀಲಾ, ಕೈ ಮುಗ್ಕಂಡು ಬತ್ತೀನಿ. ಈವಪ್ಪ ಬೇರೆ ಮುನುಸ್ಕಂಡ್ರೆ?"

ಹೊಸ್ತಿಲಲ್ಲಿ ಬೂಟು ಇರುವ ಮನೆಯನ್ನು ಹುಡುಕುತ್ತಿದ್ದೆವು. ಅಂಥ ಮನೆ ಎಲ್ಲೂ ಇರಲಿಲ್ಲ. ಒಂದೇ ಬೀದಿಯನ್ನು ಎರಡನೇ ಸಲ ಹಾಯುತ್ತಿದ್ದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಟೈರಿನ ಚಪ್ಪಲಿಯ ಕಾವಲುಗಾರ! ಡ್ರೈವರ ಕಾಲುಚೀಲವನ್ನು ಬೊಟ್ಟು ಮಾಡಿ ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು, ನಾವು ಆಗಲೇ ಒಂದು ಸಲ ದಾಟಿಹೋಗಿದ್ದ, ಮುಚ್ಚಿದ್ದ ಹಲಗೆಯ ಬಾಗಿಲನ್ನು ತೆರೆದ. ಹೊಸ್ತಿಲಲ್ಲಿದ್ದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಬೂಟನ್ನು ಒಳಗಿಟ್ಟು ಬೀಗ ಹಾಕಿದ್ದನಂತೆ. ಅದೇ ತೊಟ್ಟಿ, ಅದೇ ಎರಡು ಹಾವು. ಅವನು ಹೆಮ್ಮೆಯಿಂದ ಕೈ ತೋರಿಸಿದ.

ಬೂಟು ಎರಡೂ ದೇವರ ಗೂಡಿನೊಳಗೆ ಇದ್ದವು. ಧೂಳು ಒರೆಸಿ, ಲಾಡಿ ಒಳಗೆ ಮಡಚಿ, ಜೋಡಿಸಿ ಇಟ್ಟಿದ್ದ.

ಡ್ರೈವರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. "ಅಯ್ಯೋ ನಮ್ಮಪ್ಪಾ! ಚರ್ಮದ ಜೋಡ್ನ ನಾಗಪ್ಪನ ಗೂಡಲ್ಲಿ ಮಡಗವ್ನಲ್ಲಾ!"

"ಒಳ್ಳೇದಕ್ಕೇ ಇಟ್ಟಿದ್ದಾನೆ ಅಣ್ಣಾ. ನೀನು ಕೈಮುಗಿದದ್ದು ನೋಡಿ, ಇದೇ ಭದ್ರವಾದ ಜಾಗ ಅಂದುಕೊಂಡಿದ್ದಾನೆ."

"ಅವ್ನು ಒಳ್ಳೇವ್ನೇ ಕಣ್ಲಾ, ನಾನ್ ಬ್ಯಾಡ ಅಂದ್ನಾ? ಜೋಡು ನಂದಲ್ವಾ?"

ಕೊನೆಗೆ ಬೂಟು ಇಳಿಸಿದವನು ನಾನು. ಡ್ರೈವರು ನೀರಿನ ಬಾಟಲಿಯ ಬಿರಟೆ ತೆಗೆದು ಗೂಡು ತೊಳೆಯಲು ಹೋದ. ಗೈಡು, ಕಾವಲುಗಾರ ಇಬ್ಬರೂ ಒಟ್ಟಿಗೆ ಕೂಗಿಕೊಂಡು ಅವನ ಕೈ ಹಿಡಿದರು. ನೀರು ಬಿದ್ದರೆ ಬಣ್ಣ ಹೋಗುತ್ತದೆ. ತೊಳೆಯುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಅವನು ಕೈ ಮಾತ್ರ ತೊಳೆದುಕೊಂಡು, ಬುತ್ತಿಯ ಒಣದ್ರಾಕ್ಷಿಯನ್ನು ಗೂಡಿನಲ್ಲಿಟ್ಟು ಗಲ್ಲ ಬಡಿದುಕೊಂಡ. ಕಾವಲುಗಾರನೂ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಚೀಲದಲ್ಲಿದ್ದ ಚಪಾತಿಯೆಲ್ಲವನ್ನೂ ಡ್ರೈವರು ಅವನ ಕೈಗೆ ಹಾಕಿದ.

"ಈವಪ್ಪನ ಎಸ್ರೇನು ಕೇಳು, ಬ್ಯಾಗ. ತಪ್ಪಾಯ್ತು ಅನ್ನಕ್ಕೆ ಎಸ್ರು ಬ್ಯಾಡ್ವಾ?"

ನಾನು ಕೇಳಿದೆ. ಇವರು ಆ ಮನೆಯವರ ಮನೆದೇವರು, ಹೆಸರು, ಕಥೆ ಎಲ್ಲ ದಾರಿಯಲ್ಲಿ ಹೇಳುತ್ತೇನೆ, ಮೊದಲು ಓಡಿ, ಎಂದ ಗೈಡು.

ಸ್ಟೇಷನ್ನಿಗೆ ಬಂದಾಗ ಮೂರು ಗಂಟೆ ಆರು ನಿಮಿಷ. ರೈಲು ಇತ್ತು. ಅಡುಗೆಯವನು ಬಾಗಿಲಿಗೆ ಅಡ್ಡಲಾಗಿ, ಒಂದು ಕಾಲು ರೈಲಿನಲ್ಲಿ ಒಂದು ಕಾಲು ಪ್ಲಾಟ್‌ಫಾರಮ್ಮಿನಲ್ಲಿ ಇಟ್ಟು ಮಲಗಿ, ಹೊಟ್ಟೆ ಹಿಡಿದುಕೊಂಡು "ಅಮ್ಮಾ, ಅಪ್ಪಾ" ಎಂದು ಹೊರಳಾಡುತ್ತಿದ್ದ. ಸ್ಟೇಷನ್ ಮಾಸ್ಟರು ಅವನಿಗೆ ಗಾಳಿ ಬೀಸುತ್ತಿದ್ದ. ನಮ್ಮನ್ನು, ಅದಕ್ಕಿಂತ ಮೊದಲು ಬೂಟನ್ನು ಕಂಡ ಕೂಡಲೇ ಅವನು ಎದ್ದು ಅಂಗಿ ಕೊಡವಿಕೊಂಡು, "ಸರಿಹೋಯ್ತು ಸಾ" ಎಂದ. ಗೈಡು ನಮ್ಮ ಜೊತೆ ರೈಲು ಹತ್ತಲಿಲ್ಲ. ಅವನ ಮನೆ ಪಾಂಪೆಯಲ್ಲೇ ಇತ್ತು. ಛತ್ರಿ ಎತ್ತಿ ಆಡಿಸುತ್ತಾ ನಿಂತ ಅವನು ಚಿಕ್ಕವನಾಗುತ್ತಾ ಹೋದಾಗ ನನಗೆ ಹೆಸರಿನ ನೆನಪಾಯಿತು.

ಮಾರನೇ ದಿನ ತಪಾಸಣೆಯಲ್ಲಿ ಸುಬೇದಾರರು, ಇಡೀ ಸಾಲಿನಲ್ಲಿ ಇವನ ಬೂಟೇ ಚೊಕ್ಕಟ ಎಂದರು. ಶ್ರಾವಣದಲ್ಲಿ ಯಳಂದೂರಿನಲ್ಲಿ ಧಾರೆ ಆಯಿತು, ನಾನೂ ಹೋಗಿದ್ದೆ. ಡ್ರೈವರು ಚಪ್ಪರದ ಹತ್ತಿರ ಚಪ್ಪಲಿ ಬಿಡುವಾಗ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ. ಅವನ ತಂಗಿಗೆ ಈಗ ಇಬ್ಬರು ಮಕ್ಕಳು, ಇಬ್ಬರೂ ಗುಂಡುಗುಂಡಾಗಿದ್ದಾರೆ. ಆ ದೇವರು ಮುನಿಸಿಕೊಂಡಿಲ್ಲ ಎನ್ನಲು ಇನ್ನೇನು ಬೇಕು ಎಂದು ನಾನು ಹೇಳುತ್ತೇನೆ.

ಅವನು ಒಪ್ಪುತ್ತಾನೆ. ಆದರೂ ಪ್ರತಿ ವರ್ಷ ನಾಗರಪಂಚಮಿಗೆ ರಾಮಾಪುರದ ಹುತ್ತಕ್ಕೆ ಹಾಲೆರೆಯುವಾಗ ಮೊದಲು ಇಲ್ಲಿಯ ನಾಗಪ್ಪನ ಹೆಸರು ಹೇಳಿ, ಆಮೇಲೆ ಇನ್ನೊಂದು ಸಲ ಚೊಂಬು ಬಗ್ಗಿಸುತ್ತಾನೆ, ಅಲ್ಲಿಯವನಿಗೆ. ಆಗ ಬಾಯಿ ತಡೆಯುತ್ತದೆ. "ತಪ್ಪಾಯ್ತು ಅಂತೀನಿ, ಯಾರ್ಗೆ ಅಂತ ಗೊತ್ತಾಗಕಿಲ್ಲ. ವಿಳಾಸ ಇಲ್ದಿರ ಕಾಗ್ದ ಆಕ್ದಂಗೆ" ಎನ್ನುತ್ತಾನೆ.

ಆ ತೊಟ್ಟಿಮನೆ ಯಾರದು, ಗೂಡಿನ ಕೆಳಗೆ ಜುಟ್ಟಿನ ಹಾವು ಬರೆಸಿಕೊಂಡ ಆ ಮನೆದೇವರ ಹೆಸರೇನು ಎಂದು ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಬೇಕು. ಪಂಚಮಿಗೆ ಇನ್ನು ಬಹಳ ದಿನವಿಲ್ಲ, ಮತ್ತು ಬಸ್ಸು ದಿನಕ್ಕೆ ಎರಡು ಸಲ ಹನೂರಿನಲ್ಲಿ ನಿಲ್ಲುತ್ತದೆ.