ಸೈಕಲ್ ನೋಡಿಕೊಂಡ ಪರಮೇಶಣ್ಣ

ಹೊಸ ಟ್ಯೂಬು, ಗ್ರೀಸುಗಳ ವಾಸನೆ ಬಂದರೆ ನಿಮಗೆ ಬಾಲ್ಯ ನೆನಪಾಗಬಹುದು. ನನಗೆ ಕಳ್ಳತನ ನೆನಪಾಗುತ್ತದೆ. ನಿನ್ನೆ ಚಿಕ್ಕಮಗಳೂರಿನ ಸೈಕಲ್ ಅಂಗಡಿಯೊಂದರಲ್ಲಿ ಬೀಗ ಕೇಳಿದೆ. ಮಾಲೀಕರು ಹೆಬ್ಬೆರಳು ದಪ್ಪದ ಸರಪಳಿ ಎತ್ತಿ ತೋರಿಸಿದರು.

"ಇದನ್ನ ಮುರಿಯೋಕೆ ಕಳ್ಳ ಅರ್ಧ ದಿನ ರಜೆ ಹಾಕ್ಬೇಕು ಸರ್."

ಸೈಕಲ್ ಕದಿಯುವವರು ಏನನ್ನಾದರೂ ಮುರಿಯಲೇಬೇಕು ಎಂಬ ಅವರ ನಂಬಿಕೆಯನ್ನು ನಾನು ಕೆಡಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಸುಮಾಗೆ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಕಾಯಂ ಆಗಿರಲಿಲ್ಲ. ಬೆಳಗಿನ ಪಾಳಿಗೆ ತಡವಾದರೆ ಬರುವುದೇ ಬೇಡ ಎಂದು ಮೊದಲೇ ಹೇಳಿದ್ದರು. ಆ ಹೊತ್ತಿಗೆ ನಮ್ಮ ಬಡಾವಣೆಗೆ ಬಸ್ಸಿಲ್ಲ, ಸೈಕಲ್ಲೇ ಗತಿ. ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಸೈಕಲ್ ಕೆಳಗೆ, ಪರಮೇಶಣ್ಣನವರ ದಿನಸಿ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಅದಕ್ಕೆ ಬೀಗವಿತ್ತು. ಕೀಲಿಯೂ ಬೀಗದಲ್ಲೇ ಇರುತ್ತಿತ್ತು, ಕಳೆದುಹೋಗಬಾರದಲ್ಲ. ನಮ್ಮ ಕಡೆ ಒಣಹಾಕಿದ ಮೆಣಸಿಗೆ ಕಾವಲಿರುತ್ತದೆ, ನಾಯಿ ಇರುತ್ತದೆ. ಸೈಕಲ್ಲಿಗೆ ಇರುವುದು ಒಂದು ಮಾತು: "ಅಣ್ಣಾ, ಸ್ವಲ್ಪ ನೋಡ್ತಿರಿ."

ಪರಮೇಶಣ್ಣ ನೋಡುತ್ತಿದ್ದರು. ಒಂದು ಸಂಜೆ ಸೈಕಲ್ ಇರಲಿಲ್ಲ. ಪತ್ರಿಕೆಯವನ ಅಭ್ಯಾಸದಂತೆ ಕೆಳಗಿಳಿದು ಅವರ ಹೇಳಿಕೆ ಪಡೆದೆ.

"ನೀವು ನೋಡ್ಲಿಲ್ವಾ ಅಣ್ಣಾ?"

"ನೋಡ್ದೆ ಮಾರಾಯ. ನೀಲಿ ಅಂಗಿಯವ್ನು. ಸ್ಟ್ಯಾಂಡ್ ತೆಗಿಯೋಕೆ ಒದ್ದಾಡ್ತಿದ್ದ, ಪಾಪ ಅಂತ ನಾನೇ ಒಂದು ಕೈ ಹಾಕ್ದೆ. ನಿಮ್ಮ ಕಡೆಯವ್ನು ಅನ್ಕೊಂಡೆ."

"ಎಲ್ಲಿಗೆ ಅಂತ ಕೇಳ್ಬೋದಿತ್ತು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರಾ? ಹೋದ ಕೆಲಸ ಆಗುತ್ತಾ ಆಮೇಲೆ? ದೂರಾನಾ ಅಂದೆ. ಹೂಂ ಅಣ್ಣಾ, ಸ್ವಲ್ಪ ದೂರಾನೇ ಅಂದ."

ಕಳ್ಳ ಸುಳ್ಳು ಹೇಳಿರಲಿಲ್ಲ. ಪರಮೇಶಣ್ಣನವರ ಶಾಸ್ತ್ರವೂ ಸುಳ್ಳಾಗಲಿಲ್ಲ. ಹೊರಟವನ ಕೆಲಸ ಸಾಂಗವಾಗಿ ನೆರವೇರಿತು.

ಮೆಟ್ಟಿಲ ಮೇಲೆ ಕೂತಿದ್ದ ಸುಮಾ ಬೈಯಲಿಲ್ಲ. "ನಾಳೆ ನಾನು ಹೆಂಗೆ ಹೋಗ್ಲಿ?" ಎಂದಳು. ಪರಮೇಶಣ್ಣ ಬೆಲ್ಲ ತೂಗಿದರು. ಮರುದಿನ ಬೆಳಕು ಹರಿಯುವ ಮೊದಲೇ ಸ್ಕೂಟರ್ ಹೊರಗೆ ತೆಗೆದು ನಿಂತಿದ್ದರು. ಅವಳ ಕೆಲಸ ಕಾಯಂ ಆಗುವವರೆಗೂ, ಆಷಾಢದ ಮಳೆಯಲ್ಲೂ, ಅವಳನ್ನು ಆಸ್ಪತ್ರೆಗೆ ಬಿಟ್ಟುಬಂದ ಮೇಲೆಯೇ ಅಂಗಡಿಯ ಬಾಗಿಲು ತೆರೆದರು. ಗಿರಾಕಿಗಳು ಗೊಣಗಿದರು. ಗೊಣಗಲಿ ಎಂದು ಬಿಟ್ಟರು.

ಕಾಯಂ ಆದ ಮೇಲೆ ಸುಮಾ ಹೊಸ ಸೈಕಲ್ ಕೊಂಡಳು. ಅಂದಿನಿಂದ ಶಾಸ್ತ್ರಕ್ಕೂ ತಿದ್ದುಪಡಿಯಾಗಿದೆ. ಅಂಗಡಿಯ ಮುಂದೆ ಯಾರು ಸೈಕಲ್ ಮುಟ್ಟಿದರೂ, ಅದು ಅವರದ್ದೇ ಆಗಿದ್ದರೂ, ಪರಮೇಶಣ್ಣ "ಎಲ್ಲಿಗೆ?" ಎಂದು ಕೇಳುತ್ತಾರೆ. ಸುಮಾ ದಿನವೂ ಆ ಅಪಶಕುನ ಕೇಳಿಸಿಕೊಂಡೇ ಕೆಲಸಕ್ಕೆ ಹೋಗುತ್ತಾಳೆ. ಈಗ ಆ ಲ್ಯಾಬಿಗೆ ಅವಳೇ ಹಿರಿಯಳು.

ಇವತ್ತು ಅವಳಿಗೆ ರಜೆ. ಬೆಳಗ್ಗೆ ನಾನು ಮೂಡಿಗೆರೆ ಬಸ್ ಹಿಡಿಯಲು ಹೊರಟು ಅವಳ ಸೈಕಲ್ಲಿನ ಪೆಡಲಿನ ಮೇಲೆ ಕಾಲಿಟ್ಟೆ. ಒಳಗಿಂದ ಪ್ರಶ್ನೆ ಬಂತು. ನಾನು ಮೂಢನಂಬಿಕೆಗಳ ವಿರುದ್ಧ ಆಗಾಗ ಬರೆಯುವವನು. ಸೈಕಲ್ ನಿಲ್ಲಿಸಿ, ಮಹಡಿ ಹತ್ತಿ, ಕೂತು, ಒಂದು ಲೋಟ ನೀರು ಕುಡಿದು ಕೆಳಗಿಳಿದೆ. ಅವರು ಮತ್ತೆ ಕೇಳಿದರು.

"ಹೇಳ್ಬಿಟ್ಟು ಹೋಗು ಮಾರಾಯ," ಎಂದಳು ಮೇಲಿನಿಂದ ಸುಮಾ, "ಇಲ್ದಿದ್ರೆ ಇವತ್ತು ಬರೀ ನೀರು ಕುಡಿಯೋದೇ ಆಗುತ್ತೆ."

ಹೇಳಿಯೇ ಹೊರಟೆ.