ಬಲಗಡೆಯ ಖಾಲಿ ಜಾಗ

ನಮ್ಮ ಕನ್ನಡ ಟೀಚರ ಸೆರಗಿನ ಅಂಚಿಗೆ ಯಾವಾಗಲೂ ಎರಡು ಮೂರು ಬಟ್ಟೆ ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತಿದ್ದವು. ಹಸಿರು, ಕೆಂಪು ಪ್ಲಾಸ್ಟಿಕ್ಕಿನವು. ತೆಗೆಯಲು ಮರೆತು ಹಾಗೆಯೇ ಬಜಾರಿಗೆ ಹೋಗುತ್ತಿದ್ದರು, ಮೆಟ್ರೋ ಹತ್ತುತ್ತಿದ್ದರು. ಯಾರಾದರೂ ತೋರಿಸಿದರೆ, "ಇರ್ಲಿ ಬಿಡು, ಎಲ್ಲಿ ಎಂತ ನೇತು ಹಾಕ್ಲಿಕ್ಕುಂಟೋ ಯಾರಿಗೆ ಗೊತ್ತು" ಎನ್ನುತ್ತಿದ್ದರು. ನಾವು ಮಕ್ಕಳು ಬಿಡಿಸಿದ ಚಿತ್ರಗಳ ಬಣ್ಣ ಆರುವುದಕ್ಕೆ ಅವರ ಡಮ್ ಡಮ್ ಮನೆಯ ಬಾಲ್ಕನಿಯ ಹಗ್ಗವೇ ಗತಿ. ಟೀಚರ ಗಂಡ ರಾಯರ ಬನಿಯನ್ನಿನ ಪಕ್ಕದಲ್ಲಿ ದುರ್ಗೆಯ ಸಿಂಹ ನೇತಾಡುತ್ತಿತ್ತು.

ಟೀಚರು ಉಡುಪಿ ಕಡೆಯವರು. ರಾಯರು ಬ್ಯಾಂಕಿನ ಕೆಲಸಕ್ಕೆ ಬಂಗಾಳಕ್ಕೆ ಬಂದವರು. ಭಾನುವಾರ ಅವರ ಮನೆಗೆ ಕನ್ನಡ ಕಲಿಯಲು ಹೋಗುತ್ತಿದ್ದ ನಾವೆಲ್ಲರೂ ಬ್ಯಾಂಕಿನವರ ಮಕ್ಕಳೇ. ಕನ್ನಡ ಕಿವಿಗೆ ಹೋಗುತ್ತಿತ್ತು, ಬಾಯಿಂದ ಬರುತ್ತಿದ್ದುದು ಹಿಂದಿ. ಕಾಗುಣಿತ ತಿದ್ದಿಸಿ ತಿದ್ದಿಸಿ ಸೋತ ಟೀಚರು ಕಂಡುಕೊಂಡ ಉಪಾಯವೇ ಕಾಮಿಕ್ಸು. ಪ್ರತಿ ವರ್ಷ ದುರ್ಗಾಪೂಜೆಯ ರಜೆಗೆ ನಾವೇ ಕಥೆ ಕಟ್ಟಿ, ಚಿತ್ರ ಬಿಡಿಸಿ, ಕನ್ನಡದಲ್ಲಿ ಮಾತು ತುಂಬಿಸಿ, ಝೆರಾಕ್ಸ್ ಮಾಡಿಸಿ, ಗೊತ್ತಿರುವ ಕನ್ನಡದವರ ಮನೆಗಳಿಗೆಲ್ಲ ಹಂಚಬೇಕು. ಸ್ವತಃ ಟೀಚರಿಗೆ ನೆಟ್ಟಗೆ ಒಂದು ಬಾಳೆಹಣ್ಣು ಬಿಡಿಸಲು ಬರುತ್ತಿರಲಿಲ್ಲ. ನಮ್ಮ ಹಾಳೆಗಳಿಗೆ ಅವರು ಕೈಯನ್ನೂ ಹಚ್ಚುತ್ತಿರಲಿಲ್ಲ.

ನನಗೆ ಆಗ ಹದಿನಾಲ್ಕು. ದಪ್ಪ ಕನ್ನಡಕ, ಅರ್ಧಂಬರ್ಧ ಬಂಗಾಳಿ. ಶಾಲೆಯಲ್ಲಿ ಯಾರು ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಎಂದು ಮುದುಡಿಕೊಳ್ಳುತ್ತಿದ್ದೆ. ಇದ್ದ ಒಬ್ಬಳೇ ಗೆಳತಿ ವೃಂದಾ, ಅವಳೂ ಬ್ಯಾಂಕಿನವರ ಮಗಳೇ. ಆ ವರ್ಷದ ಕಾಮಿಕ್ಸು ನಮ್ಮಿಬ್ಬರದು. ಇಬ್ಬರು ಹುಡುಗಿಯರು ರಜೆಯಲ್ಲಿ ಪೆಂಡಾಲಿನಿಂದ ಪೆಂಡಾಲಿಗೆ ಠಾಕುರ್, ಅಂದರೆ ದುರ್ಗೆಯ ಮೂರ್ತಿ, ನೋಡಲು ಹೊರಡುತ್ತಾರೆ. ಒಬ್ಬಳು ದಾರಿಯುದ್ದಕ್ಕೂ, "ನಾನು ಬಂದದ್ದೇ ನಿನಗೆ ತೊಂದರೆ, ಮನೆಗೆ ಹೋಗ್ತೇನೆ" ಎಂದು ಗೊಣಗುತ್ತಾಳೆ. ಆ ಒಬ್ಬಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಪುಟದಲ್ಲಿ ನಾನು ನನ್ನನ್ನು ಬಲೂನಿನವನ ಹಿಂದೆ, ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಬಿಡಿಸಿದ್ದೆ. ಟೀಚರು ಕನ್ನಡಕ ಏರಿಸಿ ನೋಡಿದರು.

"ಇದು ಯಾರು ಮಾರಾಯ್ತಿ, ಕಡ್ಡಿಪೆಟ್ಟಿಗೆಯಿಂದ ಬಿದ್ದವಳು?"

"ನಾನು."

ಅವರು ನಗಲಿಲ್ಲ. "ನಿನ್ನನ್ನು ಬಿಡಿಸುದು ನಿನ್ನಿಂದ ಆಗುವ ಕೆಲಸ ಅಲ್ಲ. ನೀನು ಅವಳನ್ನು ಬಿಡಿಸು, ಅವಳು ನಿನ್ನನ್ನು ಬಿಡಿಸ್ಲಿ. ಎದುರೆದುರು ಕೂತ್ಕೊಂಡು. ಕಂಡದ್ದು ಮಾತ್ರ, ಆಯ್ತಾ?"

ವೃಂದಾ ಬಿಡಿಸಿದ ನಾನು ಚೌಕಟ್ಟಿನ ನಟ್ಟನಡುವೆ ನಿಂತು, ಪಾನಿಪುರಿಯಂಥ ಫುಚ್ಕಾ ಬಾಯಿಗಿಡುವ ಮೊದಲೇ ಬಾಯ್ತುಂಬ ನಗುತ್ತಿದ್ದೆ. ನಾನು ಹಾಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಹಾಳೆ ಮಗುಚಿಟ್ಟೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಕ್ಕು ನೋಡಿದೆ. ಟೀಚರಿಗೆ ನಾನು ಋಣಿಯಾಗಿರುವುದು ಆ ಸಂಜೆಗೆ.

ಕೊನೆಯ ಪುಟ ದಶಮಿಯದು. ಠಾಕುರ್ ವಿಸರ್ಜನೆಗೆ ಹೋದ ಮೇಲೆ ಖಾಲಿ ಪೆಂಡಾಲಿನ ಮೆಟ್ಟಿಲಲ್ಲಿ ಇಬ್ಬರೂ ಕೂತಿರುತ್ತಾರೆ. ಎಡಗಡೆ ನಾನು ವೃಂದಾಳನ್ನು ಬಿಡಿಸಿ ಮುಗಿಸಿದ್ದೆ. ಬಲಗಡೆ ಅವಳು ನನ್ನನ್ನು ಬಿಡಿಸಬೇಕಿತ್ತು, ಅಷ್ಟರಲ್ಲಿ ಅವಳ ಅಪ್ಪನಿಗೆ ವರ್ಗವಾಯಿತು. ಬ್ಯಾಂಕಿನವರ ಮನೆಗಳಲ್ಲಿ ಇದು ಹೊಸದಲ್ಲ. ವಾರದೊಳಗೆ ಸಾಮಾನು ಲಾರಿ ಹತ್ತಿತು.

ವರ್ಗವಾಗಿ ಹೋಗುವವರು ಏನಾದರೊಂದು ವಸ್ತು ಬಿಟ್ಟುಹೋಗಬೇಕು, ಆಗ ಅದನ್ನು ತೆಗೆದುಕೊಳ್ಳಲಿಕ್ಕಾದರೂ ಮತ್ತೆ ಬರುತ್ತಾರೆ ಎಂಬುದು ಟೀಚರ ನಂಬಿಕೆ. ಅವರ ಮನೆ ತುಂಬ ಹೋದವರ ಸಾಮಾನೇ ಇತ್ತು: ಒಬ್ಬರ ಇಡ್ಲಿ ಪಾತ್ರೆ, ಒಬ್ಬರ ಕೇರಂ ಬೋರ್ಡು, ಇನ್ಯಾರದೋ ಮಲ್ಲಿಗೆ ಕುಂಡ. ವೃಂದಾಳ ಪಾಲಿಗೆ ಆ ಹಾಳೆ. "ನಾನೇ ಏನಾದ್ರೂ ಬಿಡಿಸ್ಲಾ?" ಎಂದು ಕೇಳಿದ್ದಕ್ಕೆ, "ಅದು ಅವಳ ಜಾಗ. ಅವಳು ಬರ್ತಾಳೆ" ಎಂದು ಹಸಿರು ಕ್ಲಿಪ್ಪು ಹಾಕಿ ಅಡುಗೆಮನೆಯ ಗೋಡೆಗೆ ತೂಗಿಬಿಟ್ಟರು. ಪುಸ್ತಕ ಕೊನೆಯ ಪುಟವಿಲ್ಲದೆಯೇ ಹಂಚಿಹೋಯಿತು.

ರಾಯರು ತೀರಿಕೊಂಡ ಮೇಲೂ ಟೀಚರು ಊರಿಗೆ ಹೋಗಲಿಲ್ಲ. ಇಷ್ಟು ಜನರ ಸಾಮಾನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ನಗುತ್ತಿದ್ದರು. ಒಬ್ಬರಾದರೂ ಬಂದು ತಮ್ಮದನ್ನು ಒಯ್ದದ್ದನ್ನು ನಾನು ಕಾಣೆ. ನಾನು ಅಲ್ಲೇ ಹತ್ತಿರದ ನ್ಯೂ ಟೌನಿನಲ್ಲಿ ಕೆಲಸಕ್ಕೆ ಸೇರಿ, ಭಾನುವಾರ ಅವರಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಹಾಳೆ ಒಗ್ಗರಣೆಯ ಹೊಗೆಗೆ ಹಳದಿಯಾಗಿತ್ತು.

ಈ ವರ್ಷ ಮಳೆಗಾಲದಲ್ಲಿ ಟೀಚರು ಆಸ್ಪತ್ರೆ ಸೇರಿದರು. ಲಿವರು ಪೂರ್ತಿ ಹೋಗಿದೆ, ಮಾಡುವಂಥದ್ದು ಹೆಚ್ಚೇನಿಲ್ಲ ಎಂದರು ಡಾಕ್ಟರು. ಟೀಚರು ಆ ಹಾಳೆ ತರಿಸಿಕೊಂಡು ಮಂಚದ ಕಂಬಿಗೆ ಕ್ಲಿಪ್ಪು ಹಾಕಿಸಿಕೊಂಡರು. ಹೋದಾಗಲೆಲ್ಲ ಒಂದೇ ಪ್ರಶ್ನೆ: "ಅವಳು ಯಾವಾಗ ಬರ್ತಾಳೆ?" ಅಷ್ಟು ಸಾಮಾನು ಕಾದವರಿಗೆ ಒಬ್ಬಳಾದರೂ ಬರುವುದನ್ನು ನೋಡಬೇಕಿತ್ತು. ವೃಂದಾ ಈಗ ಪುಣೆಯಲ್ಲಿ, ಅವಳಿಗೆ ಫೋನು ಮಾಡಿದೆ. ವೃಂದಾ ಅತ್ತಳು. ಹೊಸ ಕೆಲಸ, ಪೂಜೆಗೇ ರಜೆ ಸಿಗುವುದು. "ನಿನ್ನ ಫೋಟೋ ಕಳಿಸು, ನೋಡಿ ಬಿಡಿಸಿ ಕಳಿಸ್ತೇನೆ" ಎಂದಳು. ಟೀಚರು ಬೇಡವೆಂದು ತಲೆಯಾಡಿಸಿಬಿಟ್ಟರು. "ಫೋಟೋ ನೋಡಿ ಅಲ್ಲ. ಎದುರು ಕೂತು." ಅವಳನ್ನು ಕರೆತರಲು ನನ್ನಿಂದಾಗಲಿಲ್ಲ, ಇವರನ್ನು ಪೂಜೆಯವರೆಗೆ ಉಳಿಸಿಕೊಳ್ಳಲೂ ಆಗಲಿಲ್ಲ. ಕಿತ್ತಳೆ ಸುಲಿದು ಕೊಡುತ್ತಾ ಕೂತೆ, ಅದನ್ನೂ ಅವರು ತಿನ್ನಲಿಲ್ಲ.

ಒಂದು ಮಧ್ಯಾಹ್ನ ಟೀಚರು ಪೆನ್ಸಿಲ್ ಕೇಳಿದರು. "ಸ್ವಲ್ಪ ಇಲ್ಲಿ ಬಾ, ಬೆಳಕಿಗೆ ಕೂತ್ಕೋ." ಜನ್ಮದಲ್ಲಿ ನಮ್ಮ ಹಾಳೆಗೆ ಕೈ ಹಚ್ಚದವರು ಬಲಗಡೆಯ ಖಾಲಿ ಜಾಗದಲ್ಲಿ ನನ್ನನ್ನು ಬಿಡಿಸತೊಡಗಿದರು. ಹಲಸಿನಕಾಯಿಯಂಥ ಒಂದು ಮುಖ, ಅದಕ್ಕೆ ಕನ್ನಡಕ, ಒಂದು ಜಡೆ. ತಲೆ ಎಷ್ಟು ದೊಡ್ಡದಾಯಿತೆಂದರೆ ಚೌಕಟ್ಟು ದಾಟಿ ಮೇಲೆ ಹೋಯಿತು. "ಈಗ ನಗು" ಎಂದರು. ಅಷ್ಟರಲ್ಲಿ ನರ್ಸು ಇಂಜೆಕ್ಷನ್ ತಂದಳು, ಅವರಿಗೆ ಹಾಗೇ ನಿದ್ದೆ ಹತ್ತಿತು. ಮರುದಿನ ಐಸಿಯುಗೆ ಒಯ್ದರು. ಮಹಾಲಯಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಟೀಚರು ಹೋದರು.

ವೃಂದಾ ಸಪ್ತಮಿಯ ಬೆಳಿಗ್ಗೆ ಬಂದಳು. ನನ್ನ ಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಎದುರೆದುರು ಕೂತೆವು. ಟೀಚರು ಬಿಡಿಸಿದ ಮುಖಕ್ಕೆ ಬಾಯೊಂದು ಬಾಕಿ. ಕೆಳಗೆ ಪೂಜೆಯ ಡೋಲು ಢಾಕಿನ ಸದ್ದು ಆಗಲೇ ಶುರುವಾಗಿತ್ತು. ವೃಂದಾ ಪೆನ್ಸಿಲ್ ಹಿಡಿದು ನನ್ನನ್ನೇ ನೋಡಿದಳು.

"ನಗು ಮಾರಾಯ್ತಿ. ಕಂಡದ್ದು ಮಾತ್ರ ಅಂತ ಅಲ್ವಾ ಅವರು ಹೇಳಿದ್ದು?"

ನಾನು ತುಟಿ ಅಗಲಿಸಿದೆ. ಅದು ನಗುವಲ್ಲ ಎಂದು ಅವಳಿಗೂ ಗೊತ್ತಾಯಿತು. ಇನ್ನಷ್ಟು ಹೊತ್ತು ಕಾದು ಪೆನ್ಸಿಲ್ ಕೆಳಗಿಟ್ಟಳು.

ಹಾಳೆಯನ್ನು ಅದೇ ಹಸಿರು ಕ್ಲಿಪ್ಪಿನಲ್ಲಿ ನನ್ನ ಅಡುಗೆಮನೆಯ ಗೋಡೆಗೆ ಹಾಕಿದ್ದೇನೆ. ಪುಣೆಗೆ ಹೊರಡುವಾಗ ವೃಂದಾ ಬ್ಯಾಗು, ಚಾರ್ಜರು, ಛತ್ರಿ ಎಲ್ಲ ನೆನಪಿಟ್ಟು ತೆಗೆದುಕೊಂಡಳು. ಪೆನ್ಸಿಲನ್ನು ಮಾತ್ರ ಬೇಕೆಂದೇ ಇಲ್ಲಿ ಬಿಟ್ಟು ಹೋದಳು.