ಚನ್ನಬಸವ್ವನ ನಾಲ್ಕನೆಯ ಗುಂಪು

ನಾನು ಯಾವ ಗುಂಪಿನವನೆಂದು ಗೊತ್ತುಹಚ್ಚುವವರು ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ. ಮರಾಠಿಯವರು ನನ್ನನ್ನು ತಮ್ಮವನೆನ್ನುತ್ತಾರೆ, ಗುಜರಾತಿಗಳು ತಮ್ಮ ಬೀಗನೆನ್ನುತ್ತಾರೆ. ಜನಗಣತಿಗೆ ಬಂದವನೊಬ್ಬ ನನ್ನೊಡನೆ ಮಾತಾಡಿ ನೌಕರಿಯನ್ನೇ ಬಿಟ್ಟ.

ಸದಾಶಿವ ಪೇಠೆಯಲ್ಲಿ ಹತ್ತಾರು ಬಾಡಿಗೆದಾರರಿರುವ ನಮ್ಮ ಹಳೇ ವಾಡೆಯಲ್ಲಿ ಪಕ್ಕದ ಮನೆ ಚನ್ನಬಸವ್ವನದು. ಮದುವೆಗೆ ಮೊದಲು ಸೊಲ್ಲಾಪುರದಲ್ಲಿ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ನಪಾಸಾದವಳು. ೧೯೯೬ರಲ್ಲಿ, ಬೈತಲೆಯಲ್ಲಿ ಬಿಳಿಗೂದಲು ಇಣುಕುವಾಗ, ಮತ್ತೆ ಪರೀಕ್ಷೆಗೆ ಕೂತಳು. ಪಾಸಾದರೆ ಕ್ಯಾಂಪ್ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ರಕ್ತ ತಪಾಸಣೆ ಕಲಿಯಲು ಸೀಟು. ಇಲ್ಲದಿದ್ದರೆ ಮರುವರ್ಷ ವಯಸ್ಸು ಮೀರುತ್ತಿತ್ತು.

ಅವಳನ್ನು ಕಾಡಿದ್ದು ಪ್ರೊಟಿಸ್ಟ್‌ಗಳ ಪಾಠ. ಗಿಡವಲ್ಲದ, ಪ್ರಾಣಿಯಲ್ಲದ, ಬೂಷ್ಟೂ ಅಲ್ಲದ ಜೀವಿಗಳನ್ನೆಲ್ಲ ಪಂಡಿತರು ಒಂದೇ ಕೋಣೆಗೆ ನೂಕಿ ಬಾಗಿಲು ಹಾಕಿದ್ದರು.

"ಆ ಪಾಠ ಬಿಟ್ಟಬಿಡವಾ," ಎಂದೆ.

"ಹಿಂದಕ ಅದನ್ನ ಬಿಟ್ಟೇ ಬಿದ್ದೀನ್ರಿ ಕಾಕಾ. ಈ ಸಲ ಬಿಡೂದಿಲ್ಲ. ನಮ್ಮ ವಾಡೇದಂಗೇ ಅದ ಇದು."

ಅಂದಿನಿಂದ ರೊಟ್ಟಿ ಬಡಿಯುತ್ತಲೇ ಬಾಡಿಗೆದಾರರನ್ನು ವಿಂಗಡಿಸತೊಡಗಿದಳು. ಶಿವರುದ್ರಪ್ಪ ಅಮೀಬಾ: ಇಂದು ಟ್ರಂಕು, ನಾಳೆ ಕುರ್ಚಿ ಹೊರಚಾಚಿ, ಹಿಂದೆಯೇ ತಾನೂ ಜರುಗಿ ಪಡಸಾಲೆ ನುಂಗುತ್ತಿದ್ದ, ತಡೆಯದಿದ್ದರೆ ಶನಿವಾರವಾಡೆಯ ಕೋಟೆಯನ್ನೂ ನುಂಗುತ್ತಿದ್ದ. ಮೈತುಂಬ ಕೂದಲೆಳೆ ಆಡಿಸುತ್ತ ಈಜುವ ಪ್ಯಾರಾಮೀಸಿಯಂ ಗಂಗೂಬಾಯಿ: ಕೈ, ಕಣ್ಣು, ನಾಲಿಗೆ ಒಟ್ಟಿಗೇ ಆಡಿಸಿ ಎಲ್ಲರಿಗಿಂತ ಮೊದಲು ನಲ್ಲಿ ಮುಟ್ಟುವವಳು. ಬಾಲ ಬೀಸುವ ಯೂಗ್ಲೀನಾ ಬಿಸಿಲಿದ್ದರೆ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ, ಕತ್ತಲಾದರೆ ಸಿಕ್ಕಿದ್ದನ್ನು ತಿನ್ನುತ್ತದೆ.

"ಅದು ನಮ್ಮ ಮನಿಯವರು," ಎಂದಳು.

ಗಂಡ ಬಸವಪ್ರಭು ತಟ್ಟೆಯಿಂದ ತಲೆ ಎತ್ತಲಿಲ್ಲ. "ನನಗ ಬಾಲ ಯಾವಾಗ ಬಂತು?"

"ಸ್ಕೂಟರ್ ಹಿಂದಿನ ಹೊಗಿ ನೋಡ್ರಿ."

ನಾಲ್ಕನೆಯ ಗುಂಪಿಗೆ ಕಾಲಿಲ್ಲ, ಬಾಲವಿಲ್ಲ, ಎಳೆಯಿಲ್ಲ. ಇನ್ನೊಬ್ಬರ ಮೈಯೊಳಗೆ ಠಿಕಾಣಿ ಹೂಡಿ, ಇದ್ದಲ್ಲಿಗೇ ಬಂದದ್ದನ್ನು ಹೀರುವ ಜಾತಿ. ಮಲೇರಿಯಾ ತರುವುದೂ ಇದರಲ್ಲೊಂದು.

"ಇದು ಯಾರವಾ?" ಎಂದು ಅವಳ ಮನೆಯ ಆರಾಮಕುರ್ಚಿಯಲ್ಲಿ ಒರಗಿ, ಎರಡನೆಯ ಕಪ್ ಚಹಾ ಹೀರುತ್ತ ಕೇಳಿದೆ.

"ಪರೀಕ್ಷಾ ಮುಗೀಲಿ ಕಾಕಾ."

ಮೌಖಿಕದಲ್ಲಿ ಪರೀಕ್ಷಕರು ಕೇಳಿದ್ದು ಆ ನಾಲ್ಕನೆಯ ಗುಂಪನ್ನೇ. ಕಣ್ಣು ಮುಚ್ಚಿದೊಡನೆ ಎದುರಿಗೇ ಕಂಡಂತಾಯಿತಂತೆ. ಒಂದು ಲಕ್ಷಣವನ್ನೂ ಬಿಡದೆ ಹೇಳಿದಳು. ಪಾಸಾದಳು, ಸೀಟೂ ಸಿಕ್ಕಿತು.

ಪೇಢೆ ಹಂಚುವ ದಿನ ಅದೇ ಕುರ್ಚಿಯಿಂದ ಕೇಳಿದೆ, "ಈಗರೆ ಹೇಳು, ನಾಲ್ಕನೇದು ಯಾರು?" ಪೇಢೆಯ ತಟ್ಟೆ ದೂರವಿತ್ತು. ಕೈ ಚಾಚಿದೆ, ಎಟುಕಲಿಲ್ಲ.

"ಏಳಬ್ಯಾಡ್ರಿ ಕಾಕಾ," ಎಂದಳು ಚನ್ನಬಸವ್ವ. "ನಿಮ್ಮ ಗುಂಪಿನವರು ಏಳೂದಿಲ್ಲ. ಅಲ್ಲಿಗೇ ತರ್ತೀನಿ."